ಹುಸೇನಸಾಬನ ಎಡಗೈ

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ಧಾರವಾಡದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ, ಮನಃಶಾಸ್ತ್ರ ಕಲಿಸುತ್ತಿದ್ದೆ. ತಮ್ಮ ಅಜ್ಜಿಗೆ ಕಂಡ ದೆವ್ವದ ಸುದ್ದಿಯನ್ನೋ, ಸೋದರಮಾವನಿಗೆ ಬಿದ್ದ ಕನಸು ಖರೆಯಾದ ಸುದ್ದಿಯನ್ನೋ ವಿದ್ಯಾರ್ಥಿಗಳು ತಂದರೆ, ನೆನಪು ಎಲ್ಲಿ ಮೋಸ ಮಾಡಿತು, ಭಯ ಎಲ್ಲಿ ಬಣ್ಣ ಹಚ್ಚಿತು ಎಂದು ಬಿಡಿಸಿ ತೋರಿಸುತ್ತಿದ್ದೆ. ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಹೇಳಲಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅದನ್ನೂ ಹಾಗೆಯೇ ಬಿಡಿಸುತ್ತಿದ್ದೆನೋ ಏನೋ. ಆದರೆ ಅದು ನಡೆದದ್ದು ನನಗೇ, ಹಾಡುಹಗಲಿನಲ್ಲಿ, ಕಣ್ಣು ತೆರೆದು ಕುರ್ಚಿಯ ಮೇಲೆ ಕೂತಾಗ.

ಎರಡನೆಯ ಮಹಾಯುದ್ಧ ಮುಗಿದು ಸಿಪಾಯಿಗಳೆಲ್ಲ ಊರಿಗೆ ಮರಳಿದ್ದ ಕಾಲ. ಯುದ್ಧ ಮನುಷ್ಯನ ಮನಸ್ಸಿಗೆ ಏನು ಮಾಡುತ್ತದೆ ಎಂಬುದರ ಮೇಲೆ ಒಂದು ಪ್ರಬಂಧ ಬರೆಯಬೇಕೆಂದು ನಾನು ಹೊರಟಿದ್ದೆ. ಈಗ ಆ ಬೇನೆಗೆ ಉದ್ದವಾದ ಹೆಸರಿದೆ, ಅದರ ಬಗ್ಗೆ ದೊಡ್ಡ ದೊಡ್ಡ ಸಂಶೋಧನೆಗಳಾಗಿವೆ. ಆಗ ನಾವು ಶೆಲ್ ಶಾಕ್ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆವು. ನಮ್ಮ ಕಡೆಯ ಜನರಂತೂ ಗಾಳಿ ಬಡಿದಿದೆ ಎನ್ನುತ್ತಿದ್ದರು. ದಂಡಿನಿಂದ ಬಂದವರನ್ನು ಹುಡುಕಿಕೊಂಡು ಹೋಗಿ ನಾನು ಮಾತಾಡಿಸುತ್ತಿದ್ದೆ. ಕೆಲವರು ಹೇಳುತ್ತಿದ್ದರು, ಕೆಲವರು ಚಹಾ ಕುಡಿಸಿ ಕಳಿಸುತ್ತಿದ್ದರು.

ನಮ್ಮ ಮನೆತನ ಉಪ್ಪಿನಬೆಟಗೇರಿಯದು, ಹತ್ತಿ ವ್ಯಾಪಾರದವರು. ನನ್ನ ಅಣ್ಣನ ಲಾರಿ ಕೆಟ್ಟಾಗಲೆಲ್ಲ ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದ ಖಾದರಸಾಬನ ಕಡೆಗೇ ಹೋಗುತ್ತಿತ್ತು. ಖಾದರಸಾಬ ಒಳ್ಳೆಯ ಮೋಟಾರ ಮಿಸ್ತ್ರಿ. ಹುಸೇನಸಾಬ ಅವನ ತಮ್ಮ. ಸೈನ್ಯದಲ್ಲಿ ಲಾರಿ ಡ್ರೈವರನಾಗಿ ಬರ್ಮಾದ ಕಡೆ ಇದ್ದವನು. ಅವನು ಮರಳಿ ಬಂದಾಗ ಯಾವ ಬೇನೆಯೂ ಇರಲಿಲ್ಲ. ಮೈಕೈ ತುಂಬಿಕೊಂಡಿದ್ದ, ನಗುತ್ತಿದ್ದ, ಕಾಡಿನ ಆನೆಗಳ ಕಥೆ ಹೇಳಿ ಓಣಿಯ ಜನರನ್ನೆಲ್ಲ ಸುತ್ತ ಕೂಡಿಸಿಕೊಳ್ಳುತ್ತಿದ್ದ. ಖಾದರಸಾಬನ ಜೊತೆ ಅಂಗಡಿಯ ಕೆಲಸಕ್ಕೂ ನಿಂತ.

ಮರುವರ್ಷ ಅವನ ಹೆಂಡತಿ ಅಮೀನಾಬಿ ಹೆಣ್ಣುಮಗು ಹಡೆದಳು. ಆರನೆಯ ದಿನದ ಶಾಸ್ತ್ರ ಮುಗಿಸಿ ಮನೆಯವರು ಕೂಸನ್ನು ತಂದು ಅವನ ಎಡಗೈಯಲ್ಲಿಟ್ಟರು. ಅವನು ಒಂದು ಗಳಿಗೆ ಕೂಸನ್ನೇ ನೋಡಿದನಂತೆ. ಆಮೇಲೆ ನಿಂತಲ್ಲಿಯೇ ಕುಸಿದ. ಅಮೀನಾಬಿ ಕೈಚಾಚಿ ಕೂಸನ್ನು ಹಿಡಿದುಕೊಂಡಿದ್ದರಿಂದ ಅನಾಹುತ ತಪ್ಪಿತು. ಎಚ್ಚರವಾದ ಮೇಲೆ ನೋಡಿದರೆ ಆ ಎಡಗೈ ಮಡಚಿ ಎದೆಗೆ ಅಂಟಿಕೊಂಡಂತೆ ನಿಂತುಬಿಟ್ಟಿತ್ತು. ಡಾಕ್ಟರರು ಎಳೆದು ನೋಡಿದರು, ಸೂಜಿ ಚುಚ್ಚಿ ನೋಡಿದರು. ಎಲುಬು ನೆಟ್ಟಗಿದೆ, ನರ ನೆಟ್ಟಗಿದೆ ಎಂದರು. ದರ್ಗಾಕ್ಕೆ ಕರೆದೊಯ್ದರು, ತಾಯತ ಕಟ್ಟಿಸಿದರು. ಕೈ ಇಳಿಯಲಿಲ್ಲ.

ಖಾದರಸಾಬನೇ ನನ್ನನ್ನು ಕರೆದದ್ದು. "ಮಾಸ್ತರ್ರ, ನೀವು ಮನಸಿನ ಶಾಸ್ತ್ರ ಓದಿದವರು. ಒಂದೀಟು ಅಂವನ ಕೂಡ ಮಾತಾಡಿ ನೋಡ್ರಿ. ನಮಗಂತೂ ತಿಳೀವಲ್ದು" ಎಂದ.

ನಾನು ಡಾಕ್ಟರನಲ್ಲ ಎಂದು ಹೇಳಿಯೇ ಹೋದೆ. ಮೊದಲ ಭೇಟಿಗಳಲ್ಲಿ ಹುಸೇನಸಾಬ ಎಲ್ಲ ಮಾತಾಡಿದ, ಆ ಕೈಯೊಂದನ್ನು ಬಿಟ್ಟು. ಕೇಳಿದರೆ, "ನೋವಿಲ್ರಿ. ಬರೇ ಜಡ ಆಗೇತಿ, ಅಷ್ಟ" ಎನ್ನುತ್ತಿದ್ದ. ಬರ್ಮಾದ ಮಾತು ತೆಗೆದರೆ ಮತ್ತೆ ಆ ಆನೆಗಳದೇ ಕಥೆ. ಅಮೀನಾಬಿ ಒಮ್ಮೆ ಬಾಗಿಲ ಮರೆಯಲ್ಲಿ ನಿಂತು, ದನಿ ತಗ್ಗಿಸಿ ನನಗೆ ಹೇಳಿದಳು:

"ಕೂಸು ಅತ್ತರ ಏನೂ ಅನ್ನಂಗಿಲ್ರಿ ಇವರು. ಸುಮ್ಮನ ಮಲಗಿದ್ರನ ತ್ರಾಸು. ಎಬ್ಬಸು, ಎಬ್ಬಸು ಅಂತ ಒದರ್ತಾರ. ಕೂಸಿಗೆ ನಿದ್ದಿನ ಇಲ್ಲದಂಗ ಆಗೇತಿ. ಆದ್ರ ಇವರು ಒಮ್ಮೆನೂ ಅದನ್ನ ಮುಟ್ಟಿಲ್ರಿ."

ಅಷ್ಟು ಹೇಳಿ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹಡೆದು ಎದ್ದ ಹೆಣ್ಣುಮಗಳಿಗೆ ಇರಬೇಕಾದ ಕಳೆ ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಕೂಸಿನ ಸುತ್ತ ಯಾವುದೋ ಭಯವಿದೆ ಎಂದು ನನಗೆ ಆಗಲೇ ಅನಿಸಿತ್ತು. ಇದನ್ನು ಮುಚ್ಚಿಡದೆ ಹೇಳುತ್ತೇನೆ. ಓದುವವರು ಮುಂದಿನದನ್ನು ಅಳೆಯುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆ ದಿನ ಶುಕ್ರವಾರ. ವೈಶಾಖದ ಬಿಸಿಲು. ಖಾದರಸಾಬ ಅಂಗಡಿ ಮುಚ್ಚಿ ನಮಾಜಿಗೆ ಹೋಗಿದ್ದ. ಎಲ್ಲರ ಕಣ್ಣೂ ತನ್ನ ಕೈಯ ಮೇಲೆಯೇ ಬೀಳುತ್ತದೆಂದು ಹುಸೇನಸಾಬ ಮಸೀದಿಗೆ ಹೋಗುವುದನ್ನೂ ಬಿಟ್ಟಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಚಾಪೆಯ ಮೇಲೆ, ನಾನು ಎದುರಿಗೆ ಕುರ್ಚಿಯ ಮೇಲೆ ಕೂತಿದ್ದೆವು. ಒಳಗಿನ ಮನೆಯಲ್ಲಿ ಕೂಸು ಮಲಗಿತ್ತೆಂದು ಕಾಣುತ್ತದೆ, ಸದ್ದಿರಲಿಲ್ಲ. ಅವನು ಬಾಗಿಲ ಕಡೆಗೇ ಕಿವಿಗೊಟ್ಟಿದ್ದ. ನಾನೂ ಮಾತು ನಿಲ್ಲಿಸಿ ಸುಮ್ಮನೆ ಕೂತೆ.

ಆಗ ನನ್ನ ಎಡದೋಳಿನಲ್ಲಿ ಏನೋ ಇದ್ದಂತಾಯಿತು. ಮೊದಲು ಕೈ ಜೋಮು ಹಿಡಿದಿದೆ ಎಂದುಕೊಂಡೆ. ಆದರೆ ಜೋಮಿನಲ್ಲಿ ಭಾರ ಇರುವುದಿಲ್ಲ. ಇದು ಭಾರ. ಮೊಳಕೈ ಮಡಿಕೆಯಲ್ಲಿ ದುಂಡಗಿನದೊಂದು ಒರಗಿದಂತೆ, ಉಳಿದದ್ದು ತೊಡೆಯ ಮೇಲೆ ಚಾಚಿದಂತೆ. ಬೆವರಿನಿಂದ ಒದ್ದೆಯಾದ ಬಟ್ಟೆಯ ಸ್ಪರ್ಶ. ಕುರ್ಚಿ ಅಲುಗಿರಲಿಲ್ಲ, ಆದರೆ ಕೆಟ್ಟ ರಸ್ತೆಯಲ್ಲಿ ಹೋಗುವಾಗ ಆಗುವಂತೆ ಆ ಭಾರ ಮೇಲೆದ್ದು ಮತ್ತೆ ಕೂರುತ್ತಿತ್ತು. ನಾನು ನೋಡಿದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ, ಅಂಗಿಯ ತೋಳು ಮಾತ್ರ. ನನಗೆ ಆಗಿನ್ನೂ ಮಕ್ಕಳಾಗಿರಲಿಲ್ಲ. ಎಳೆಗೂಸನ್ನು ಎತ್ತಿಕೊಂಡು ಕೂತ ರೂಢಿಯೂ ನನಗಿರಲಿಲ್ಲ. ಆದರೂ ಅದು ಕೂಸು ಎಂದು ಸ್ವಲ್ಪವೂ ಸಂಶಯ ಬರಲಿಲ್ಲ.

ಬಲಗೈಯ ಬೆರಳು ತಾವಾಗಿಯೇ ಅತ್ತ ಹೋದವು. ಏನೂ ಇಲ್ಲದ ಜಾಗದಲ್ಲಿ ಒಂದು ಸಣ್ಣ ಕಾಲು ಸಿಕ್ಕಿತು. ಅದರ ಗಿಣ್ಣಿನ ಸುತ್ತ ಒಂದು ದಾರ, ಮೆತ್ತನೆಯ ಮಾಂಸದಲ್ಲಿ ಹೂತುಹೋಗುವಷ್ಟು ಬಿಗಿಯಾಗಿ ಕಟ್ಟಿದ್ದು. ಆ ಕಾಲು ತಣ್ಣಗಿತ್ತು. ಅಂಥ ಉರಿಬಿಸಿಲಿನಲ್ಲಿ ಆ ತಂಪು ನನ್ನ ಬೆರಳಿಂದ ಮೊಳಕೈವರೆಗೆ ಏರಿತು.

"ದಾರ ಬಿಗಿ ಆಗೇತಿ" ಎಂದೆ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಹೋಯಿತು.

ಹುಸೇನಸಾಬ ನನ್ನ ಕಡೆ ತಿರುಗಿದ. ಅವನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. "ಯಾರು ಹೇಳಿದ್ರಿ ನಿಮಗ?" ಎಂದ. "ನಾ ಯಾರಿಗೂ ಹೇಳಿಲ್ಲ. ಆಕಿಗೂ ಹೇಳಿಲ್ಲ. ಯಾರು ಹೇಳಿದ್ರಿ?" ಎಂದು ಮತ್ತೆ ಕೇಳಿದ. ಉತ್ತರಕ್ಕೆ ಕಾಯದೆ ತಾನೇ ಹೇಳತೊಡಗಿದ.

ಜಪಾನಿನವರು ಬೆನ್ನು ಹತ್ತಿ ಬರುತ್ತಿದ್ದಾಗ ಇವರ ಲಾರಿಗಳು ಸಾಲಾಗಿ ಹಿಂದಕ್ಕೆ ಹೊರಟಿದ್ದವು. ಎಲ್ಲಿಯೂ ನಿಲ್ಲಿಸಬಾರದೆಂದು ಹುಕುಂ. ರಸ್ತೆಯ ಎರಡೂ ಬದಿಗೆ ನಮ್ಮ ದೇಶದವರೇ, ರಂಗೂನಿನಲ್ಲಿ ದುಡಿಯಲು ಹೋಗಿದ್ದ ಬಡಜನ, ಗಂಟುಮೂಟೆ ಹೊತ್ತು ನಡೆಯುತ್ತಿದ್ದರು. ಏರು ಬಂದು ಲಾರಿ ನಿಧಾನವಾದಾಗ ಒಬ್ಬ ಹೆಣ್ಣುಮಗಳು ಓಡಿಬಂದು ಕಿಡಕಿಯಲ್ಲಿ ಕೂಸನ್ನು ಚಾಚಿದಳು.

"ಏನೋ ಅಂದ್ಲರೀ, ಆಕಿ ಮಾತು ನನಗ ತಿಳೀಲಿಲ್ಲ. ಕೈ ಮಾತ್ರ ಮುಂದ ಹೋತು. ತಗೊಂಡೆ. ಲಾರಿ ಏರು ಹತ್ತಿ ಇಳಿದು ಬಿಡ್ತು. ಕನ್ನಡಿಯಾಗ ನೋಡಿದ್ರ ಆಕಿ ಓಡಿ ಬರಾಕತ್ತಿದ್ಲು. ಮುಂದ ಎಲ್ಲೆರ ನಿಲ್ತಾನ ಅಂದ್ಕೊಂಡಿರಬೇಕು."

ಪಕ್ಕದಲ್ಲಿ ಜ್ವರ ಬಂದ ಸಿಪಾಯಿಯೊಬ್ಬ ಎಚ್ಚರ ತಪ್ಪಿ ಬಿದ್ದಿದ್ದ. ಕೂಸನ್ನು ಹಿಡಿಯುವವರು ಬೇರೆ ಯಾರೂ ಇರಲಿಲ್ಲ. ಎಡದೋಳಿನಲ್ಲಿ ಅದನ್ನು ಒರಗಿಸಿಕೊಂಡೇ ಇಡೀ ದಿನ ಓಡಿಸಿದ. ಅದರ ಕಾಲಿಗೆ ಯಾರೋ ದೃಷ್ಟಿಗೆಂದು ಕಟ್ಟಿದ ಕರಿದಾರ ಬಿಗಿಯಾಗಿತ್ತು. ಕಾಲು ಬಾತಿತ್ತು. ಅದನ್ನು ಬಿಚ್ಚಬೇಕು, ನಿಂತ ಕೂಡಲೇ ಬಿಚ್ಚಬೇಕು ಎಂದು ಅವನು ದಾರಿಯುದ್ದಕ್ಕೂ ಅಂದುಕೊಂಡ.

"ಮೊದಲ ಅಳಾಕತ್ತಿತ್ರಿ. ಆಮ್ಯಾಲ ಸುಮ್ಮನಾತು. ನನಗ ಸಮಾಧಾನ ಆತು. ಮಲಕ್ಕೊಂತು, ಪಾಪ, ಮಲಗಲಿ ಅಂದೆ. ಏಳಬಾರದಂತ ಕೈ ಅಲುಗದಂಗ ಹಿಡಕೊಂಡೆ, ಮಾಸ್ತರ್ರ. ಸಂಜೀಕ ನಿಲ್ಲಿಸಿ ದಾರ ಬಿಚ್ಚಾಕ ಹ್ವಾದೆ. ಕಾಲು ತಣ್ಣಗಿತ್ತು."

ಅದು ಯಾವಾಗ ಹೋಯಿತೆಂದು ಅವನಿಗೆ ಗೊತ್ತಿರಲಿಲ್ಲ. ನಡೆದು ಬರುವ ಜನರಲ್ಲಿ ಆ ತಾಯಿ ಕಂಡಾಳೆಂದು ಕತ್ತಲಾಗುವವರೆಗೆ ಕಾದ. ಹೊರಡಲು ಸೀಟಿ ಊದಿದಾಗ ರಸ್ತೆಯ ಬದಿಯ ಮರದ ಕೆಳಗೆ ಕೈಯಿಂದಲೇ ನೆಲ ತೋಡಿ ಮಣ್ಣು ಮಾಡಿ ಬಂದ. ಆಮೇಲೆ ಇಡೀ ಯುದ್ಧ ಮುಗಿಯುವವರೆಗೆ ಲಾರಿ ಓಡಿಸಿದ. ಒಮ್ಮೆಯೂ ಅದು ನೆನಪಾಗಲಿಲ್ಲವಂತೆ. ತನ್ನ ಮಗಳನ್ನು ಕೈಗಿಟ್ಟ ಕ್ಷಣದಲ್ಲಿ ನೆನಪಾಯಿತು.

ಹೇಳಿ ಮುಗಿಸುವ ಹೊತ್ತಿಗೆ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಎಡಗೈ ಯಾವಾಗ ಇಳಿಯಿತೋ ನಾನು ಗಮನಿಸಲಿಲ್ಲ, ಅವನೂ ಗಮನಿಸಲಿಲ್ಲ. ಅದು ಚಾಪೆಯ ಮೇಲೆ ಬಿದ್ದಿತ್ತು. ಅಮೀನಾಬಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿದ್ದಳೋ! ಬಂದು ಅವನ ಪಕ್ಕದಲ್ಲಿ ಕೂತು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನನ್ನ ತೋಳಿನ ಭಾರ ಆಗ ಇರಲಿಲ್ಲ. ಅದು ಹೋದದ್ದು ಯಾವಾಗ ಎಂದು ನಾನೂ ಹೇಳಲಾರೆ.

ಧಾರವಾಡಕ್ಕೆ ಮರಳುವ ಗಾಡಿಯಲ್ಲಿ ನನ್ನನ್ನು ನಾನೇ ತರಗತಿಯಲ್ಲಿ ಕೂರಿಸಿ ಪ್ರಶ್ನೆ ಕೇಳಿದೆ. ಅವನು ಕೈ ಹಿಡಿದಿದ್ದ ರೀತಿಯೇ ಕೂಸನ್ನು ಹಿಡಿದ ರೀತಿ, ಅದನ್ನು ನೋಡಿ ನೋಡಿ ನನ್ನ ಮನಸ್ಸು ಒಳಗೊಳಗೇ ಊಹಿಸಿರಬಹುದು. ಕೂಸುಗಳ ಕಾಲಿಗೆ ದಾರ ಕಟ್ಟುವುದು ನಮ್ಮಲ್ಲಿ ಸಾಮಾನ್ಯ, ಅದನ್ನೂ ಮನಸ್ಸೇ ಸೇರಿಸಿರಬಹುದು. ಬೇರೆಯವರ ಪ್ರಕರಣವಾಗಿದ್ದರೆ ಈ ಉತ್ತರ ನನಗೆ ಸಾಕಾಗುತ್ತಿತ್ತು. ಪ್ರಬಂಧವನ್ನೇನೋ ಬರೆದು ಮುಗಿಸಿದೆ. ಹುಸೇನಸಾಬನ ಹೆಸರು ಬದಲಿಸಿ ಅವನ ಸಂಗತಿಯನ್ನೂ ಸೇರಿಸಿದೆ. ನನ್ನ ತೋಳಿನ ಮಾತಿಗೆ ಅದರಲ್ಲಿ ಜಾಗವಿರಲಿಲ್ಲ.

ಹುಸೇನಸಾಬ ಪೂರ್ತಿ ಗುಣವಾಗಲಿಲ್ಲ. ಕೈಯೇನೋ ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಮಗಳನ್ನು ಎತ್ತಿಕೊಳ್ಳುವಂತಾದ. ಆದರೆ ಮತ್ತೆ ಲಾರಿಯ ಸ್ಟೇರಿಂಗ್ ಮುಟ್ಟಲಿಲ್ಲ. ಅಂಗಡಿಯಲ್ಲಿ ಕೂತು ಸಣ್ಣಪುಟ್ಟ ಭಾಗಗಳನ್ನು ಬಿಚ್ಚಿ ಒರೆಸುತ್ತಿದ್ದ. ಮಗಳು ಮಲಗಿದರೆ ಮೇಲಿಂದ ಮೇಲೆ ಹೋಗಿ ಅವಳನ್ನು ಕರೆಯುವುದೂ ನಿಲ್ಲಲಿಲ್ಲ. ಆ ಹುಡುಗಿ ಬೆಳೆದಂತೆ ಅದಕ್ಕೆ ಒಗ್ಗಿಹೋದಳು. ಕಣ್ಣು ತೆರೆಯದೆಯೇ, ಬೇಸರವಿಲ್ಲದೆ, "ಇಲ್ಲೆ ಅದೀನಿ ಅಬ್ಬಾ" ಎನ್ನುತ್ತಿದ್ದಳು. ಅಷ್ಟು ಕೇಳಿ ಅವನು ಹೊರಗೆ ಬರುತ್ತಿದ್ದ.

ಅವಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವನು ವಿಷಮಜ್ವರದಿಂದ ತೀರಿಕೊಂಡ. ಸುದ್ದಿ ತಿಳಿದು ಮಾತಾಡಿಸಿ ಬರಲು ಹೋದೆ. ಖಾದರಸಾಬ ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ಕೂತು ಎದ್ದುಹೋದ. ಆಮೇಲೆ ಅಮೀನಾಬಿ ಒಳಗಿನಿಂದ ಬಂದು ಗೋಡೆಗೆ ಒರಗಿ ಕೂತಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಮಾಸ್ತರ್ರ, ಒಂದು ಮಾತು ಕೇಳಬೇಕಂತ ಮಾಡಿದ್ದೆ. ದುವಾ ಮಾಡುವಾಗ ಇವರ ಕೂಡ ಆ ಕೂಸನ್ನೂ ನೆನಸ್ತೇನ್ರಿ. ಇಬ್ಬರೂ ಅಲ್ಲೆ ಇರತಾರಲ್ಲ. ಆದ್ರ ಏನಂತ ನೆನಸಲಿ? ಗಂಡೋ ಹೆಣ್ಣೋ ಗೊತ್ತಿಲ್ಲ. ಕೂಸಿಗೆ ಸುತ್ತಿದ ಅರಿವಿ ಬಟ್ಟಿ ನಾ ಬಿಚ್ಚಲಿಲ್ಲ ಅಂತಿದ್ರು ಇವರು. ನಿಮ್ಮ ಮುಂದ ಏನರ ಅಂದಿದ್ರೇನ್ರಿ?"

ಹುಸೇನಸಾಬ ನನ್ನ ಮುಂದೆ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಇಲ್ಲ, ಹೇಳಿಲ್ಲ ಎನ್ನಬೇಕೆಂದೇ ಬಾಯಿ ತೆರೆದೆ.

"ಹೆಣ್ಣು" ಎಂದೆ.

ಅವಳನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು. ಆಗ ನನಗೂ ಮಕ್ಕಳಾಗಿದ್ದವು. ನನ್ನ ಮಕ್ಕಳಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಎಂದು ಯಾರಾದರೂ ಕೇಳಿದರೆ ಹೇಗೆ ಯೋಚಿಸದೆ ಹೇಳುತ್ತಿದ್ದೆನೋ ಹಾಗೆ ಹೇಳಿದ್ದೆ. ಅಮೀನಾಬಿ ತುಟಿಯಲ್ಲೇ ಏನೋ ಅಂದುಕೊಂಡಳು, ಕಣ್ಣು ಮುಚ್ಚಿ ಎರಡೂ ಅಂಗೈ ಮುಖಕ್ಕೆ ಒತ್ತಿಕೊಂಡಳು. ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನನ್ನ ಎಡದೋಳನ್ನು ತೋರಿಸಬೇಕಾಗುತ್ತಿತ್ತು.