ನಾಗವೇಣಕ್ಕನ ಲ್ಯಾಪ್‌ಟಾಪ್ ನಾದಸ್ವರ

ವಾದ್ಯ ಅಪಸ್ವರ ಕೂಗಿದರೆ ಚಪ್ಪಾಳೆ ತಟ್ಟಿ ನಗುವವರನ್ನು ನಾನು ಕಂಡದ್ದು ಒಬ್ಬರನ್ನೇ: ಅವಲಪಲ್ಲಿಯ ನಮ್ಮ ನಾಗವೇಣಕ್ಕ.

ಅವಳು ನನ್ನ ದೊಡ್ಡಪ್ಪನ ಮಗಳು. ದೊಡ್ಡಪ್ಪ ರಾಗಿ ಬೆಳೆಯುತ್ತಾರೆ, ಮದುವೆಗಳ ಕಾಲದಲ್ಲಿ ನಾದಸ್ವರ ನುಡಿಸುತ್ತಾರೆ. ಅವರ ಜೊತೆ ಡೋಲು ನನ್ನದು. ಅಕ್ಕನಿಗೂ ಚಿಕ್ಕಂದಿನಲ್ಲಿ ಅವರೇ ಪಾಠ ಶುರುಮಾಡಿದ್ದರು. ಆದರೆ ಅವಳಿಗೆ ಉಬ್ಬಸ. ಸ್ವಲ್ಪ ಊದುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು. ಒಂದು ದಿನ ದೊಡ್ಡಪ್ಪ ಅವಳ ಕೈಯಿಂದ ವಾದ್ಯ ತೆಗೆದುಕೊಂಡವರು ಮತ್ತೆ ಕೊಡಲಿಲ್ಲ. ಅವಳು ಓದಿ ಹೊಸೂರಿನ ಕಾರ್ಖಾನೆಯೊಂದಕ್ಕೆ ಸೇರಿದಳು. ಆದರೂ ಬಸ್ಸಿಗೆ ಕಾಯುವಾಗ ನೋಡಬೇಕಿತ್ತು, ಅವಳ ಬೆರಳುಗಳು ಕೊಡೆಯ ಹಿಡಿಯ ಮೇಲೆ ಸ್ವರ ಒತ್ತುತ್ತಿದ್ದವು.

ಒಂದು ಭಾನುವಾರ ಫೋನ್ ಮಾಡಿ ಕರೆದಳು. ಹೋದರೆ ಜಗಲಿಯ ಮೇಲೆ ಲ್ಯಾಪ್‌ಟಾಪು, ಅದಕ್ಕೆ ಸೇರಿಸಿದ ಪ್ಲಾಸ್ಟಿಕ್ ಕೊಳಲಿನಂಥದ್ದೊಂದು. ಮದುವೆಯ ಆರ್ಕೆಸ್ಟ್ರಾದವರ ಕೀಬೋರ್ಡಿನಲ್ಲಿ ಯಾರೋ ನುಡಿಸಿ ತುಂಬಿಟ್ಟ ಸ್ವರಗಳಿರುತ್ತವೆ, ಒತ್ತಿದರೆ ಅವೇ ಬರುತ್ತವೆ. ಇದರಲ್ಲಿ ತುಂಬಿಟ್ಟದ್ದು ಏನೂ ಇಲ್ಲ ಎಂದಳು. ಕೊಳವೆ ಎಷ್ಟು ಉದ್ದ, ಬಾಯಿಗಿಡುವ ಸೀವಾಳಿ ಎಷ್ಟು ಗಟ್ಟಿ, ಉಸಿರು ಎಷ್ಟು ಜೋರು ಎಂದು ಲೆಕ್ಕ ಹಾಕಿ ಸ್ವರವನ್ನು ಆ ಕ್ಷಣದಲ್ಲೇ ಹುಟ್ಟಿಸುತ್ತದಂತೆ. ಎಷ್ಟು ಉಸಿರಿಗೆ ಎಷ್ಟು ಬಲ ಎಂಬುದನ್ನೂ ಅವಳೇ ಹೊಂದಿಸಬಹುದು. ಅವಳ ಪುಟ್ಟ ಉಸಿರು ಸಾಕು.

ಊದಿದಳು. ಆಡಿನ ಕತ್ತು ಹಿಡಿದಂತೆ ಒಂದು ಕಿರುಚು ಹೊರಟಿತು. ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿ. ಅಕ್ಕನ ಮುಖ ಮಾತ್ರ ಅರಳಿಹೋಗಿತ್ತು.

"ಕೇಳಿದ್ಯೇನ್ಲಾ? ಉಸ್ರು ಸಾಲ್ದಿದ್ರೆ ಇದೂ ಕಿರುಚ್ತದೆ. ತಪ್ಪು ಮಾಡೋಕೆ ಬತ್ತದೆ ಕಣ್ಲಾ ಇದ್ಕೆ."

ಅಂದಿನಿಂದ ಆ ಮನೆಯಲ್ಲಿ ದಿನವೂ ಗಲಾಟೆ. ಪರದೆಯ ಮೇಲೆ ಕೊಳವೆ ಮರದ್ದಾದರೆ ಹೀಗೆ, ಗಾಜಿನದಾದರೆ ಹಾಗೆ. ಜೂಜುವಾಡಿ ಚೆಕ್‌ಪೋಸ್ಟಿನ ಲಾರಿ ಸಾಲಿನಷ್ಟು ಉದ್ದವಾದರೆ ಊದಿದ ಎಷ್ಟೋ ಹೊತ್ತಿಗೆ ಎಲ್ಲೋ ದೂರದಲ್ಲಿ ಗೊರಕೆ. ಅವಳು ಊಟ ಮರೆತಳು, ಕೇಳುತ್ತ ಕೂತ ನಾನೂ ಮರೆತೆ. ದೊಡ್ಡಪ್ಪ ಮಾತ್ರ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದರು.

ಒಂದು ಸಂಜೆ ಅವಳು ಒಂದೇ ಸ್ವರವನ್ನು ಹಿಡಿಯಲು ಒದ್ದಾಡುತ್ತಿದ್ದಳು. ಸ್ವರ ಬಿಗಿದುಕೊಂಡು ಬಾಯೇ ಬಿಡಲೊಲ್ಲದು. ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದ ದೊಡ್ಡಪ್ಪ ಒಳಗೆ ಬಂದು ಬಾಗಿಲಲ್ಲಿ ನಿಂತರು.

"ಸೀವಾಳಿ ಒಣಗೈತೆ. ನೆನೆಸ್ಕೊ," ಎಂದರು.

ಅಲ್ಲಿ ಸೀವಾಳಿಯೇ ಇರಲಿಲ್ಲ. ಅಕ್ಕ ಪರದೆಯ ಮೇಲೆ ಸೀವಾಳಿಯ ಗಟ್ಟಿತನವನ್ನು ತುಸು ಇಳಿಸಿ ಮತ್ತೆ ಊದಿದಳು. ಸ್ವರ ತೆರೆದುಕೊಂಡು ಮನೆ ತುಂಬಿತು. ದೊಡ್ಡಪ್ಪ ನೆಲದ ಮೇಲೆ ಕೂತು, ತೊಡೆಯ ಮೇಲೆ ತಾಳ ಹಾಕುತ್ತ, ಮುಂದಿನ ಸಾಲು ಹೇಳಿಕೊಟ್ಟರು. ಎಷ್ಟೋ ವರ್ಷದ ಹಿಂದೆ ನಿಂತ ಪಾಠ ಅಲ್ಲಿಂದ ಮುಂದುವರಿಯಿತು. ಅಕ್ಕ ಅಳುತ್ತಲೇ ಊದಿದಳು.

ತೊರಪಲ್ಲಿಯಲ್ಲಿ ನಮ್ಮ ನೆಂಟರ ಮದುವೆ. ತಂದೆ ಮಗಳು ಅಕ್ಕಪಕ್ಕ ಕೂತರು, ಹಿಂದೆ ನಾನು. ತಾಳಿ ಕಟ್ಟುವ ಹೊತ್ತಿಗೆ ನನ್ನ ಗಟ್ಟಿಮೇಳ ಏರಿತು. ಉತ್ಸಾಹದಲ್ಲಿ ಅಕ್ಕನ ಉಸಿರು ಜೋರಾಯಿತು, ಅವಳ ವಾದ್ಯ ಸರಕ್ಕನೆ ಮೇಲಿನ ಸ್ಥಾಯಿಗೆ ಜಿಗಿದುಬಿಟ್ಟಿತು. ದೊಡ್ಡಪ್ಪ ಕಣ್ಣೂ ಹೊರಳಿಸದೆ ಅವಳ ಹಿಂದೆಯೇ ಅಲ್ಲಿಗೆ ಹಾರಿದರು. ಇಬ್ಬರೂ ಅಲ್ಲೇ ನಿಂತು ನುಡಿಸಿದರು. ಬೇಕೆಂದೇ ಹಾಗೆ ಮಾಡಿದರು ಎಂದು ಮಂಟಪವೆಲ್ಲ ತಲೆದೂಗಿತು. ಆವತ್ತು ಡೋಲಿನ ಮೇಲೆ ಬಿದ್ದಂಥ ಕೈ ನನಗೆ ಮತ್ತೆ ಬಿದ್ದಿಲ್ಲ.

ಈಚೆಗೆ ಕಾರ್ಖಾನೆಯವರು ಅವಳನ್ನು ಕೊಯಮತ್ತೂರಿಗೆ ವರ್ಗ ಮಾಡಿದರು. ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ, ನಿನ್ನ ಡೋಲಿನ ಚರ್ಮ ಎಷ್ಟು ದಪ್ಪ, ಎಷ್ಟು ಬಿಗಿ ಎಂದೆಲ್ಲ ಕೇಳಿದಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಬಗ್ಗಿ ಹೇಳಿದಳು: "ಕೆರೆಯಗಲದ ಡೋಲು ಮಾಡ್ತೀನಿ. ಬಾರ್ಸೋಕೆ ನೀನೇ ಬರ್ಬೇಕು."

ಮೊನ್ನೆ ಆ ಡೋಲಿನ ಸದ್ದು ಕಳಿಸಿದಳು. ಫೋನಿನಲ್ಲಿ ಏನೂ ಕೇಳಿಸಲಿಲ್ಲ. ಮದುವೆಗೆ ಒಯ್ಯುವ ದೊಡ್ಡ ಸ್ಪೀಕರಿಗೆ ಹಾಕಿದೆ. ಕಿವಿಗಿಂತ ಮೊದಲು ಅಂಗಾಲಿಗೆ ಕೇಳಿಸಿತು. ಬಕೆಟ್ಟಿನ ನೀರು ನಡುಗಿತು. ಕೆಲಸಕ್ಕೆ ರಜೆ ಹಾಕಿದ್ದೇನೆ. ಈ ಶುಕ್ರವಾರ ಕೊಯಮತ್ತೂರಿನ ಬಸ್ಸು.