ಅರ್ಧಕ್ಕೆ ನಿಂತ ಮುಳ್ಳು

ನಮ್ಮ ಪಿಕಪ್ಪಿನ ಡೀಸೆಲ್ ಮುಳ್ಳು ಅರ್ಧಕ್ಕೆ ನಿಂತು ಎಷ್ಟು ಕಾಲವಾಗಿತ್ತೋ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಬೈರಾಪಟ್ಟಣದಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವುದಕ್ಕೆಂದು ಮಾವ ಕೊಂಡ ಗಾಡಿ ಅದು. ಗೂಡು ಹೇರುತ್ತಿದ್ದಷ್ಟು ದಿನ ಆ ಮುಳ್ಳಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ದಾರಿಯಲ್ಲಿ ಡೀಸೆಲ್ ಮುಗಿದರೆ ಯಾರದಾದರೂ ಬೈಕ್ ಹತ್ತಿ ಹೋಗಿ ಕ್ಯಾನಿನಲ್ಲಿ ತಂದು ಸುರಿದು, ತುಸು ಹೊತ್ತು ಒದ್ದಾಡಿ ಹತ್ತಿಸಿದರಾಯಿತು. ಆಮೇಲೆ ಮಾವನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಅವರನ್ನು ಅದೇ ಗಾಡಿಯಲ್ಲಿ ರಾಮನಗರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು.

ನನ್ನ ಗಂಡನದು ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಬೇಕೆಂದಾಗ ರಜೆ ಸಿಗುವುದಿಲ್ಲ. ನಾನೋ ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿ ಅಭ್ಯಾಸವಿದ್ದವಳು. ಗಾಡಿ ಓಡಿಸುವುದು ನನಗೆ ಕಷ್ಟವಾಗಲಿಲ್ಲ. ಟ್ಯಾಂಕಿನೊಳಗೆ ಎಷ್ಟಿದೆ ಎಂದು ತಿಳಿಯದೆ ಓಡಿಸುವುದೇ ಕಷ್ಟ. ಕಿಲೋಮೀಟರ್ ಮೀಟರೂ ಕೆಟ್ಟಿತ್ತು. ಡೀಸೆಲ್ ಹಾಕುವ ಕೊಳವೆ ನಡುವೆ ಬಾಗಿದ್ದರಿಂದ ಕಡ್ಡಿ ಇಳಿಸಿ ನೋಡುವ ಹಾಗೂ ಇರಲಿಲ್ಲ. ಪೂರ್ತಿ ತುಂಬಿಸಿಟ್ಟರೆ ಟ್ಯಾಂಕಿನ ಮೇಲಿನ ಮುಚ್ಚಳದ ಸುತ್ತ ಜಿನುಗುತ್ತಿತ್ತು. ಆ ವಾಸನೆಗೆ ಮಾವ ವಾಂತಿ ಮಾಡಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಚನ್ನಪಟ್ಟಣ ದಾಟಿ ರಾಮನಗರದ ಕಡೆ ಹೋಗುತ್ತಿದ್ದಾಗ ಇಂಜಿನ್ ಎರಡು ಸಲ ಮುಗ್ಗರಿಸಿ ನಿಂತುಹೋಯಿತು. ಮುಳ್ಳು ಎಂದಿನಂತೆ ಅರ್ಧದಲ್ಲೇ ಇತ್ತು. ಹಿಂದಿನಿಂದ ಬರುತ್ತಿದ್ದ ಲಾರಿ ಹಾರ್ನ್ ಹೊಡೆಯುತ್ತ ನಮ್ಮನ್ನು ಸವರಿಕೊಂಡು ಹೋಯಿತು. ಹೇಗೋ ಉರುಳಿಸಿ ರಸ್ತೆಯ ಅಂಚಿಗೆ ತಂದೆ. ಮಾವನ ಮುಖ ಊದಿಕೊಂಡಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ಯಾರೋ ಪುಣ್ಯಾತ್ಮರು ಬೈಕಿನಲ್ಲಿ ಹೋಗಿ ಡೀಸೆಲ್ ತಂದುಕೊಟ್ಟರು. ಆದರೆ ಡೀಸೆಲ್ ಗಾಡಿ ಒಮ್ಮೆ ಬರಿದಾದರೆ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ, ಅದನ್ನು ಹೊರಹಾಕುವ ತನಕ ಇಂಜಿನ್ ಹತ್ತುವುದಿಲ್ಲ. ಬಾನೆಟ್ ಎತ್ತಿ ಅಲ್ಲಿದ್ದ ಪುಟ್ಟ ಪಂಪನ್ನು ಬೆರಳಿಗೆ ಬೊಬ್ಬೆ ಬರುವಂತೆ ಒತ್ತಿದೆ. ಹತ್ತಲಿಲ್ಲ. ಕೊನೆಗೆ ಆಟೋ ಹಿಡಿದು ಹೋಗುವಷ್ಟರಲ್ಲಿ ಮಾವನ ಸರದಿಯ ಮಂಚದ ಮೇಲೆ ಬೇರೆಯವರು ಮಲಗಿದ್ದರು. ಸಂಜೆ ಒಂದು ಮಂಚ ಖಾಲಿಯಾಗುವ ತನಕ ಅವರು ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು ಉಸಿರೆಳೆಯುತ್ತ ಕುಳಿತಿದ್ದರು. ನಾನು ಅವರ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಒಂದು ಉಸಿರು ತುಸು ತಡವಾದರೂ ಅವರ ತೋಳು ಅಲುಗಿಸುತ್ತಿದ್ದೆ.

ಮರುದಿನ ಊರಿನ ಮೆಕ್ಯಾನಿಕ್ ಪೈಪಿನ ಗಾಳಿ ತೆಗೆದು ಗಾಡಿಯನ್ನು ಊರಿಗೆ ತಂದು, ಟ್ಯಾಂಕ್ ಬಿಚ್ಚಿ ತೋರಿಸಿದ. ನನ್ನ ಗಂಡನ ಜೊತೆ ಶಾಲೆಗೆ ಹೋದವನು ಅವನು. ಟ್ಯಾಂಕಿನೊಳಗೆ ಒಂದು ತಂತಿಯ ತುದಿಯಲ್ಲಿ ತೇಲುವ ಗುಂಡು, ಅಂದರೆ ಫ್ಲೋಟ್ ಇರುತ್ತದೆ. ಡೀಸೆಲ್ ಇಳಿದ ಹಾಗೆ ಅದೂ ಇಳಿದು ಮುಳ್ಳಿಗೆ ಸುದ್ದಿ ಮುಟ್ಟಿಸುತ್ತದೆ. ನಮ್ಮದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದರ ಮುಚ್ಚಳವೂ ತಿಂದುಹೋಗಿ ಅಲ್ಲಿಂದಲೇ ಡೀಸೆಲ್ ಜಿನುಗುತ್ತಿತ್ತು. ಹೊಸದು ಹಾಕಿದರೆ ಎರಡೂ ಸರಿಯಾಗುತ್ತವೆ ಎಂದ. ಆದರೆ ಆ ಮಾದರಿಯ ಗಾಡಿ ಬರುವುದು ನಿಂತು ಬಹಳ ವರ್ಷವಾಗಿತ್ತು. ಚನ್ನಪಟ್ಟಣದ ಅಂಗಡಿಯವರು ಹಳೆಯದನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು. ರಾಮನಗರದಲ್ಲಿ ಒಬ್ಬರು ನಕ್ಕರು. ಕನಕಪುರದಲ್ಲಿ ಬೇರೆ ಗಾಡಿಯ ಫ್ಲೋಟ್ ಒಂದು ಸಿಕ್ಕಿತು, ತೂತುಗಳು ಸರಿಹೊಂದುತ್ತಿದ್ದವು. ಮೆಕ್ಯಾನಿಕ್ ಅದನ್ನೇ ಕೂರಿಸಿ, ತಳದಲ್ಲಿ ತುಸು ಡೀಸೆಲ್ ಹಾಕಿ ಕೀ ತಿರುಗಿಸಿದ. ಮುಳ್ಳು ಸರ್ರನೆ ಏರಿ ಫುಲ್ ತೋರಿಸಿತು.

ಮಾವನಿಗೆ ಬಹಳ ಖುಷಿಯಾಯಿತು. ನಾನು ಡೀಸೆಲ್ ಕ್ಯಾನನ್ನು ಎತ್ತಿ ನೋಡಿದೆ. ಹಾಕಿದ್ದು ಇಷ್ಟೇ ಇಷ್ಟು, ಫುಲ್ ಹೇಗೆ ತೋರಿಸುತ್ತದೆ? ಬಿಚ್ಚಿಸಿ ನೋಡಿದರೆ ಅದು ತಿರುಗುಮುರುಗು: ಟ್ಯಾಂಕ್ ಬರಿದಾದಷ್ಟೂ ಮುಳ್ಳು ಮೇಲಕ್ಕೆ ಹೋಗುತ್ತಿತ್ತು. ನಂಬಿಕೊಂಡು ಹೊರಟಿದ್ದರೆ ಏನಾಗುತ್ತಿತ್ತೋ. ಮೆಕ್ಯಾನಿಕ್ ಅದನ್ನು ತೆಗೆದು ಬದಿಗಿಟ್ಟ.

ಅವತ್ತು ಸಂಜೆ ಮಾವ ತಾವಾಗಿಯೇ ಒಂದು ವಿಷಯ ಹೇಳಿದರು. ಗೂಡಿನ ಮಾರುಕಟ್ಟೆಗೆ ಮಾಗಡಿ ಕಡೆಯ ಕೆಂಪಾಪುರದಿಂದ ಒಬ್ಬರು ನಮ್ಮಂಥದೇ ಗಾಡಿಯಲ್ಲಿ ಬರುತ್ತಿದ್ದರಂತೆ. ಹೆಸರು ಗೊತ್ತಿಲ್ಲ, ಮುಖ ನೆನಪಿದೆ. ಮಾರನೆಯ ದಿನ ಡಯಾಲಿಸಿಸ್ ಇರಲಿಲ್ಲ, ಅದರ ಮಾರನೆಯ ದಿನ ಇತ್ತು. ಇರುವುದೊಂದೇ ದಿನ. ನೀವು ಬರುವುದು ಬೇಡ ಎಂದು ಎಷ್ಟು ಹೇಳಿದರೂ ಮಾವ ಕೇಳಲಿಲ್ಲ, ಆ ಮುಖ ತಮಗೊಬ್ಬರಿಗೇ ಗೊತ್ತಿರುವುದು ಎಂದು ಗಾಡಿ ಹತ್ತಿ ಕುಳಿತರು. ಮೆಕ್ಯಾನಿಕ್ ಹಿಂದೆ ಕುಳಿತ. ಹಳೆಯ ಸತ್ತ ಫ್ಲೋಟನ್ನೇ ಮತ್ತೆ ಸಿಕ್ಕಿಸಿಕೊಂಡು ಹೊರಟಿದ್ದೆವು. ಮಾಗಡಿ ರಸ್ತೆಯ ಏರುಗಳಲ್ಲಿ ಇಂಜಿನ್ನಿನ ಸದ್ದು ಸ್ವಲ್ಪ ಬದಲಾದರೂ ಗಾಡಿಯನ್ನು ರಸ್ತೆಯ ಅಂಚಿಗೆ ಸರಿಸುತ್ತಿದ್ದೆ. ಬಲಗಡೆ ಸಾವನದುರ್ಗದ ಬಂಡೆ ಕಾಣಿಸಿಕೊಂಡಾಗ ಮಾವ ಅದಕ್ಕೆ ಕೈಮುಗಿದರು. ನಾನು ಸ್ಟಿಯರಿಂಗ್ ಬಿಡಲಿಲ್ಲ.

ಕೆಂಪಾಪುರದಲ್ಲಿ ಇಂಥದೇ ಗಾಡಿ ಇರುವವರು ಯಾರೆಂದು ಕೇಳಿದೊಡನೆ ಮನೆ ತೋರಿಸಿದರು. ಮನೆಯ ಪಕ್ಕ ಹುಣಸೆಮರದ ಕೆಳಗೆ ನಮ್ಮ ಗಾಡಿಯ ಅವಳಿಯಂತೆ ಒಂದು ನಿಂತಿತ್ತು. ಟೈರುಗಳು ಕುಸಿದಿದ್ದವು. ಗಾಜು ಮಾತ್ರ ಒರೆಸಿ ಒರೆಸಿ ಹೊಳೆಯುತ್ತಿತ್ತು. ಒಳಗಿಂದ ನನಗಿಂತ ಹತ್ತಾರು ವರ್ಷ ದೊಡ್ಡವರಾದ ಹೆಂಗಸೊಬ್ಬರು ಬಂದರು. ಗಾಡಿಯವರು ಇದ್ದಾರಾ ಎಂದು ಮಾವ ಕೇಳಿದ್ದಕ್ಕೆ ಅವರು ಇಲ್ಲವೆಂದು ತಲೆಯಾಡಿಸಿದರು. ಗಂಡ ತೀರಿಕೊಂಡಿದ್ದರು. ಮಾರುಕಟ್ಟೆಯಿಂದ ಬರುತ್ತ ದಾರಿಯಲ್ಲಿ ಎದೆನೋವು ಬಂದು, ಗಾಡಿಯನ್ನು ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸೀಟಿನಲ್ಲೇ ಪ್ರಾಣ ಬಿಟ್ಟಿದ್ದರಂತೆ. ಊರವರು ಗಾಡಿ ತಂದು ನಿಲ್ಲಿಸಿದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ.

ಮೆಕ್ಯಾನಿಕ್ ನಡುವೆ ಬಾಯಿ ಹಾಕಿ, ಒಂದು ಸಣ್ಣ ಸಾಮಾನು ಬೇಕಿತ್ತು ಎಂದುಬಿಟ್ಟ.

"ಗುಜರಿಯವ್ರು ಬಂದು ಕೇಳುದ್ರೂ ಕೊಟ್ಟಿಲ್ಲ ಕಣಪ್ಪ. ನಟ್ಟು ಬೋಲ್ಟೂ ಕೊಡಾಕಿಲ್ಲ" ಎಂದರು ಆಕೆ. ದನಿ ಏರಲಿಲ್ಲ. ಆದರೆ ಗಾಡಿಗೂ ನಮಗೂ ನಡುವೆ ಬಂದು ನಿಂತರು.

ನಾನು ವಾಪಸ್ಸು ಹೊರಡೋಣ ಎಂದುಕೊಂಡೆ. ಅಷ್ಟರಲ್ಲಿ ಮಾವ ಜಗಲಿಯ ಮೇಲೆ ಕುಸಿದು ಕೂತರು. ಬಿಸಿಲಿಗೋ ದಾರಿಗೋ ದಣಿದಿದ್ದರು. ಆಕೆ ಓಡಿ ಹೋಗಿ ಚೊಂಬು ತುಂಬ ನೀರು ತಂದರು. ಮಾವ ಒಂದೇ ಗುಟುಕು ಕುಡಿದು ಚೊಂಬು ಕೆಳಗಿಟ್ಟರು. ಇನ್ನೂ ಕುಡಿಯಿರಿ ಎಂದು ಆಕೆ ಒತ್ತಾಯಿಸಿದಾಗ, ಜಾಸ್ತಿ ನೀರು ಕುಡಿಯುವ ಹಾಗಿಲ್ಲ ಎಂದು ತೋಳು ಚಾಚಿದರು. ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರವನ್ನು ಆಕೆ ಬಹಳ ಹೊತ್ತು ನೋಡಿದರು.

"ಮೊನ್ನೆ ದಾರೀಲೆ ಡೀಸೆಲ್ ಮುಗ್ದು ನಿಂತ್ಬುಟ್ವು ತಾಯಿ" ಎಂದರು ಮಾವ. "ನಂಗೆ ಸಾಯಾಕ್ ಭಯ ಇಲ್ಲ. ಈ ಮಗ ರಸ್ತೆ ಮಧ್ಯ ನನ್ ಹೆಣ ಇಟ್ಕಂಡು ಒಬ್ಳೇ ನಿಂತ್ಕಬಾರ್ದು, ಅಷ್ಟೇಯ."

ನನ್ನ ಬಗ್ಗೆ ಮಾವ ಹೀಗೆ ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡೆ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು. ಆಮೇಲೆ ಮೆಕ್ಯಾನಿಕ್‌ಗೆ ಹೇಳಿದರು, "ಬಿಚ್ಕಳಪ್ಪ. ಆದ್ರೆ ಸ್ಟಾರ್ಟ್ ಮಾಡ್ಬ್ಯಾಡ. ಆ ಸದ್ದು ಕೇಳಾಕ್ ನನ್ ಕೈಲಿ ಆಗಾಕಿಲ್ಲ."

ಮೆಕ್ಯಾನಿಕ್ ಗಾಡಿಯ ಕೆಳಗೆ ತೂರಿದ. ಸ್ಕ್ರೂಗಳು ತುಕ್ಕಿಗೆ ಅಂಟಿಕೊಂಡಿದ್ದವು. ಎಣ್ಣೆ ಬಿಟ್ಟು ಕಾದ. ಒಂದು ಸ್ಕ್ರೂವಿನ ತಲೆ ಮುರಿದ ಸದ್ದಿಗೆ ನಾವೆಲ್ಲ ಬೆಚ್ಚಿದೆವು. ಸುತ್ತಿಗೆ ಏಟು ಹೆಚ್ಚಾದರೆ ಒಳಗಿನ ತಂತಿ ಬಾಗುತ್ತದೆ, ಆಮೇಲೆ ಇದೂ ಇಲ್ಲ. ಆಕೆ ನನ್ನ ಪಕ್ಕದಲ್ಲೇ ನಿಂತು ಪ್ರತಿ ಏಟಿಗೂ ಕಣ್ಣು ಮುಚ್ಚುತ್ತಿದ್ದರು. ಯಾವಾಗಲೋ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು, ಅದು ಅವರಿಗೂ ತಿಳಿದಂತಿರಲಿಲ್ಲ.

ಕೊನೆಗೂ ಫ್ಲೋಟ್ ಹೊರಬಂತು, ತಂತಿ ನೇರವಾಗಿತ್ತು. ನಮ್ಮ ಗಾಡಿಯ ವೈರುಗಳನ್ನು ಅದಕ್ಕೆ ಸಿಕ್ಕಿಸಿ, ಇಂಜಿನ್ ಹತ್ತಿಸದೆ ಕೀ ಮಾತ್ರ ತಿರುಗಿಸಿದೆ. ಮೆಕ್ಯಾನಿಕ್ ಗುಂಡನ್ನು ಕೈಯಲ್ಲಿ ಮೆಲ್ಲಗೆ ಎತ್ತಿದ. ಮುಳ್ಳು ಅಲ್ಲಾಡಲಿಲ್ಲ. ಇನ್ನೂ ಎತ್ತಿದ. ಆಗಲೂ ಇಲ್ಲ. ವೈರಿನ ತುದಿಯನ್ನು ಚಾಕುವಿನಿಂದ ಹೆರೆದು ಮತ್ತೆ ಸಿಕ್ಕಿಸಿದ. ಮುಳ್ಳು ಒಮ್ಮೆ ನಡುಗಿ ನಿಧಾನವಾಗಿ ಏರಿತು. ಗುಂಡು ಇಳಿಸಿದರೆ ತಾನೂ ಇಳಿಯಿತು. ನಾನು ಸೀಟಿಗೆ ತಲೆಯಾನಿಸಿ ಕುಳಿತುಬಿಟ್ಟೆ. ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಆಕೆ, "ನಮ್ದೂ ಇಂಗೇ ತೋರುಸ್ತಿತ್ತು" ಎಂದರು.

ಫ್ಲೋಟನ್ನು ನಮ್ಮ ಟ್ಯಾಂಕಿಗೆ ಕೂರಿಸುವ ಹೊತ್ತಿಗೆ ಆಕೆ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದರು. ಮಾವನಿಗೆ ಏನು ಉಣ್ಣಬಹುದು, ಏನು ಕೂಡದು ಎಂದು ನನ್ನನ್ನು ಕೇಳಿ ಅವರಿಗೆ ಬೇರೆಯೇ ಬಡಿಸಿದರು. ಹೊರಡುವಾಗ ನಮ್ಮ ಗಾಡಿ ಹತ್ತಿಸಬೇಕಲ್ಲ, ಅದೂ ಅದೇ ಸದ್ದು, ಬರುವಾಗಲೂ ಅವರಿಗೆ ಕೇಳಿಸಿರಬೇಕು. ನಾನು ಕೀ ಹಿಡಿದು ಹಿಂಜರಿದೆ. ಆಕೆ ಅರ್ಥ ಮಾಡಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಡಿ ತಿರುಗಿಸಿ ರಸ್ತೆಗೆ ಬಂದ ಮೇಲೆ ಕನ್ನಡಿಯಲ್ಲಿ ನೋಡಿದೆ. ಬಾಗಿಲು ತೆರೆದಿತ್ತು, ಆಕೆ ಹೊಸಿಲ ಮೇಲೆ ನಿಂತಿದ್ದರು.

ಮಾಗಡಿಯಲ್ಲಿ ಟ್ಯಾಂಕ್ ತುಂಬಿಸಿದೆವು. ಜಿನುಗಲಿಲ್ಲ. ಮರುದಿನ ಆಸ್ಪತ್ರೆಗೆ ಎಷ್ಟು ಬೇಗ ತಲುಪಿದೆವೆಂದರೆ ಡಯಾಲಿಸಿಸ್ ಕೋಣೆಯ ಬೀಗವನ್ನೇ ತೆಗೆದಿರಲಿಲ್ಲ. ಇಷ್ಟೊತ್ತಿಗೇ ಎಬ್ಬಿಸಿಕೊಂಡು ಬಂದೆಯಲ್ಲ ಎಂದು ಮಾವ ಬೆಂಚಿನ ಮೇಲೆ ಕುಳಿತು ಗೊಣಗಿದರು, ಗೊಣಗುತ್ತಲೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು.