ಮಸಿ ಹಿಡಿದ ಕಲ್ಲು

ಮೊನ್ನೆ ಬಚ್ಚಲು ರಿಪೇರಿಗೆ ಬಂದವನು ನಾವು ಬಟ್ಟೆ ಒಗೆಯುವ ಕಲ್ಲನ್ನು ಮಗುಚಿ ಹಾಕಿದ. ಅಡಿಯಲ್ಲಿ ಕರ್ರಗೆ ಮಸಿ. ಇಷ್ಟು ವರ್ಷವಾದರೂ ಹೋಗಿಲ್ಲ... ಗಾರೆ ತಾತ ನೆನಪಾದ. ಅಪ್ಪನ ಮೇಲಿನ ಸಿಟ್ಟು ನೆತ್ತಿಗೇರಿತು.

ಮದ್ರಾಸ್ ಸರ್ಕಾರದ ಕಾಲ. ಕಡ್ಡಿರಾಂಪುರದ ದಾರಿಯಲ್ಲಿ ಕಾಲುವೆ ಇಂಜಿನಿಯರ್ ದೊರೆಯ ಬಂಗಲೆಯಿತ್ತು. ಐರ್ಲೆಂಡಿನವನು. ಅಲ್ಲಿನ ಸ್ವಾತಂತ್ರ್ಯದ ಗಲಾಟೆಯಲ್ಲಿ ಅವನ ತಾಯಿಯ ಹಳ್ಳಿ ಬಂಗಲೆಯನ್ನು ಸುಟ್ಟು ಕೆಡವಿದ್ದರಂತೆ. ಅದನ್ನೇ ನೆನಪಿನಿಂದ ಕಾಗದದ ಮೇಲೆ ಬರೆದು ಇಲ್ಲಿ ಕಟ್ಟಿಸಿದ. ಕಟ್ಟಿದವನು ನಮ್ಮ ಪಕ್ಕದ ಮನೆಯ ಗಾರೆ ತಾತ. ಅಳಲೆಕಾಯಿ, ಬೆಲ್ಲದ ನೀರು ಹಾಕಿ ಅರೆದ ಸುಣ್ಣದ ಗಾರೆ. ನಡುಮನೆಯಲ್ಲಿ ಚಳಿ ಕಾಯಿಸಲು ಆಳೆತ್ತರದ ಬೆಂಕಿಗೂಡು!

“ಈ ಬಿಸಿಲಾಗ ಬೆಂಕಿ ಯಾಕ್ರಿ ದೊರಿ ಅಂದೆ. ನಮ್ಮವ್ವ ಅದರ ಮುಂದ ಕುಂದರ್ತಿದ್ಲು ಅಂದ. ಕಟ್ಟಿಕೊಟ್ಟೆ ನೋಡು” ಎಂದು ತಾತ ನಗುತ್ತಿದ್ದ. ಮಾಗಿಯಲ್ಲಿ ದೊರೆ ಬೆವರುತ್ತಲೇ ಅದರ ಮುಂದೆ ಕೂತಿರುತ್ತಿದ್ದನಂತೆ.

ದೊರೆ ಸತ್ತ ಮೇಲೆ ಬಂಗಲೆ ಪಾಳುಬಿತ್ತು. ಕಂಟ್ರಾಕ್ಟರನಾಗಿದ್ದ ನನ್ನಪ್ಪ ಕಲ್ಲಿನ ಆಸೆಗೆ ಅದನ್ನು ಹರಾಜಿನಲ್ಲಿ ಹಿಡಿದ. ಹಾರೆ ಬಾಗಿತೇ ಹೊರತು ಗಾರೆ ಬಿಡಲಿಲ್ಲ. ಆಗ ಅಪ್ಪ ನನ್ನನ್ನು ತಾತನ ಬಳಿ ಕಳಿಸಿದ. “ಬಂಗಲಿ ರಿಪೇರಿ ಐತಂತ ಹೇಳು” ಎಂದ. ನಂಬಿದೆ, ಹೋಗಿ ಹೇಳಿದೆ. ತಾತ ಒಗೆದ ಪಂಚೆ ಉಟ್ಟು, ಕರಣೆ ತೊಳೆದುಕೊಂಡು, ನನಗಿಂತ ಮುಂದೆ ನಡೆದ.

ಅಲ್ಲಿ ಹಾರೆಗಳನ್ನು ಕಂಡು ನಿಂತುಬಿಟ್ಟ.

“ಎಲ್ಲಿ ಎತ್ತಿದ್ರ ಬಿಡ್ತೈತಿ, ತೋರಸು. ಇಲ್ಲಾಂದ್ರ ಮದ್ದಿಟ್ಟು ಹಾರಸ್ತೀನಿ” ಎಂದ ಅಪ್ಪ.

“ಮದ್ದು ಬ್ಯಾಡ್ರಿ. ನಾನ ಬಿಚ್ಚಿ ಕೊಡ್ತೀನಿ. ಬೆಂಕಿಗೂಡಿನ ಮ್ಯಾಲಿನ ಕಲ್ಲೊಂದು ನನಗ ಕೊಡ್ರಿ, ಸಾಕು.”

“ತಗೊಂಡು ಹೋಗು” ಎಂದ ಅಪ್ಪ. ನನ್ನೆದುರೇ ಕೊಟ್ಟ ಮಾತು! ತಾತ ತಾನು ಕಟ್ಟಿದ್ದನ್ನು ತಾನೇ ಒಂದೊಂದಾಗಿ ಬಿಚ್ಚಿದ. ಒಂದು ಕಲ್ಲೂ ಮುಕ್ಕಾಗಲಿಲ್ಲ. ಕೊನೆಯ ಬಂಡಿಯಲ್ಲಿ ಆ ಕಲ್ಲು ಮಾತ್ರ ನೇರ ನಮ್ಮ ಬಚ್ಚಲಿಗೆ ಬಂತು. ತಾತ ಕೇಳಲು ಬಂದಾಗ, “ಮಸಿಗಲ್ಲು ತಗೊಂಡು ಏನ್ಮಾಡ್ತೀಲೇ ಮುದುಕ?” ಎಂದು ಅಪ್ಪ ನಕ್ಕ. ಥೂ, ಅದೂ ಒಂದು ನಗುವೇ! ನನಗೂ ಬಾಯಿತ್ತು, ತೆರೆಯಲಿಲ್ಲ. ತಾತ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ, ಕರಣೆಯನ್ನೂ ಮುಟ್ಟಲಿಲ್ಲ...

ಅದೇ ಕಲ್ಲಿನ ಮೇಲೆ ಅಪ್ಪನ ಅಂಗಿಗಳನ್ನು ಒಗೆದು ಬೆಳ್ಳಗೆ ಮಾಡಿದವಳು ನಾನೇ.

“ಕಲ್ಲು ಎಲ್ಲಿ ಹಾಕ್ಲಿ, ಅಮ್ಮಾ?” ಎಂದು ರಿಪೇರಿಯವನು ಕೇಳಿದ. ತಾತನಿಲ್ಲ, ಪಕ್ಕದಲ್ಲಿ ಅವನ ಮನೆಯೂ ಇಲ್ಲ.

“ಇಲ್ಲಿ ಮಾತ್ರ ಬ್ಯಾಡಪ್ಪ” ಎಂದೆ.